ಬಿಲ್ಲು ಎಳೆಯಲಾರದವರು

ರಿಡ್ಜ್ ರಸ್ತೆ, ಕಿಕಾಪೂ ಕಣಿವೆ, ವಿಸ್ಕಾನ್ಸಿನ್
14 ಜುಲೈ 2014

ಲಿಯಾಂಡರ್,

ನಿನ್ನೆ ಫೋನ್ ಮಾಡಿದವನು ನಾನೇ. ನೀನು ಎತ್ತಿದೆ, ನನ್ನ ದನಿ ಕೇಳಿದೆ, ಇಟ್ಟುಬಿಟ್ಟೆ. ಇರಲಿ. ಕಾಗದವನ್ನು ಹಾಗೆ ಇಟ್ಟುಬಿಡಲು ಆಗುವುದಿಲ್ಲ. ಒಲೆಗೆ ಹಾಕಬೇಕಾಗುತ್ತದೆ, ಹಾಕುವ ಮೊದಲು ಒಂದೆರಡು ಸಾಲಾದರೂ ಓದುತ್ತೀಯ. ನಿನ್ನ ಸ್ವಭಾವ ನನಗೆ ಗೊತ್ತಿಲ್ಲವೇ.

ವಿಷಯ ಇಷ್ಟು. ಬಿಲ್ಲು ಹಿಡಿಯುವ ನನ್ನ ಎಡಭುಜ ಹೋಯಿತು. ಒಳಗಿನ ಸ್ನಾಯು ಹಳೆಯ ಹಗ್ಗದಂತೆ ಎಳೆ ಎಳೆಯಾಗಿದೆ ಎಂದು ಡಾಕ್ಟರು ಚಿತ್ರ ತೋರಿಸಿದರು. ಕೊಯ್ದು ಹೊಲಿಯಬೇಕಂತೆ. ಹೊಲಿದ ಮೇಲೂ ಬಿಲ್ಲು ಎಳೆಯುವ ಮಾತು ಮರೆತುಬಿಡಿ ಎಂದರು. ಡಿಸೆಂಬರ್‌ಗೆ ದಿನ ಕೇಳಿಕೊಂಡು ಬಂದಿದ್ದೇನೆ, ಈ ಬೇಟೆಯ ಕಾಲ ಮುಗಿಯಲಿ ಎಂದು. ಶರಟು ಹಾಕಿಕೊಳ್ಳಲು ಈಗ ಅರ್ಡಿಸ್ ಬೇಕು. ನನ್ನ ಯೂ ಮರದ ಬಿಲ್ಲು ಗೋಡೆಯಲ್ಲಿ ನೇತಾಡುತ್ತಿದೆ. ಅದರ ಕಡೆ ನೋಡಬಾರದೆಂದು ಕುರ್ಚಿಯನ್ನು ಆಚೆ ತಿರುಗಿಸಿಕೊಂಡಿದ್ದೇನೆ.

ಈ ವರ್ಷದಿಂದ ಅಡ್ಡಬಿಲ್ಲಿಗೆ ಡಾಕ್ಟರ ಸಹಿ ಬೇಡ, ಯಾರು ಬೇಕಾದರೂ ಹಿಡಿಯಬಹುದು ಎಂದು ನಿಯಮ ಬದಲಾಗಿರುವುದು ನಿನಗೆ ಗೊತ್ತೇ ಇದೆ. ಅಂಗಡಿಯ ಮೂಲೆಯಲ್ಲಿದ್ದ ಹಳೆಯದೊಂದನ್ನು ತಂದೆ. ಅದಕ್ಕೆ ಬಂದೂಕಿನ ಹಿಡಿ ಇದೆ, ಬಿಲ್ಲಿನ ಹೆದೆ ಇದೆ, ಎರಡರದ್ದೂ ನಡವಳಿಕೆ ಇಲ್ಲ. ಮೇಜಿನ ಮೇಲಿಟ್ಟುಕೊಂಡು ಎದುರು ಕೂತಿದ್ದೇನೆ. ಈ ಕಣಿವೆಯಲ್ಲಿ ಅಡ್ಡಬಿಲ್ಲನ್ನು ಸರಿಯಾಗಿ ಬಲ್ಲವನು ನೀನೊಬ್ಬನೇ.

ಅರ್ಡಿಸ್ ಹೇಳುತ್ತಾಳೆ, "ಒಂಬತ್ತು ವರ್ಷದಿಂದ ಬಾಯಿ ಬಿಡದೋನು ಈಗ ಬಿಲ್ಲಿನ ನೆಪ ಹುಡುಕ್ಕೊಂಡೆಯಾ?" ನೆಪ ಅಲ್ಲ. ಈ ವರ್ಷ ಮರದ ಮೇಲಿನ ಅಟ್ಟಣೆ ಹತ್ತದಿದ್ದರೆ ಇನ್ನು ಹತ್ತುವುದಿಲ್ಲ ಎಂದು ಅನ್ನಿಸುತ್ತಿದೆ. ಮನುಷ್ಯ ಒಂದು ವರ್ಷ ಕೂತರೆ ಕೂತೇಬಿಡುತ್ತಾನೆ.

ಹೇಳಿಕೊಡುತ್ತೀಯಾ?

ಓರಿನ್ ಟ್ವೇಟ್


ರಿಡ್ಜ್ ರಸ್ತೆ
21 ಜುಲೈ 2014

ಓರಿನ್,

ಬಿಲ್ಲಿನ ಜೊತೆ ಪುಸ್ತಿಕೆ ಕೊಟ್ಟಿರುತ್ತಾರೆ. ಓದು. ಇಲಾಖೆಯ ನಿಯಮದ ಪುಸ್ತಿಕೆ ಅಂಗಡಿಯಲ್ಲಿ ಬಿಟ್ಟಿ ಸಿಗುತ್ತದೆ. ಅದನ್ನೂ ಓದು.

2005ರ ಏಪ್ರಿಲ್‌ನಲ್ಲಿ, ಬೇಟೆಯ ನಿಯಮಗಳಿಗೆ ಕೈ ಎತ್ತಿ ಮತ ಹಾಕುವ ವಸಂತದ ಸಭೆಯಲ್ಲಿ, ಅಡ್ಡಬಿಲ್ಲನ್ನು ಎಲ್ಲರಿಗೂ ಬಿಡಿ, ವರ್ಷ ವರ್ಷ ಡಾಕ್ಟರ ಮುಂದೆ ಮೊಂಡುಗೈ ತೋರಿಸಲು ನನಗೆ ಬೇಸರವಾಗಿದೆ ಎಂದು ನಾನು ಹೇಳಿ ಕೂತೆ. ನೀನು ಎದ್ದೆ. ಮೈಕಿನಲ್ಲಿ ಹೇಳಿದೆ: "ಬಿಲ್ಲು ಎಳೆಯೋಕಾಗದವನು ಮನೇಲಿ ಕೂತು ಇಸ್ಪೀಟಾಡ್ಲಿ." ಶಾಲೆಯ ಸಭಾಂಗಣ ತುಂಬಾ ಜನ. ಎಲ್ಲರೂ ನಕ್ಕರು. ಜೋಳದ ಯಂತ್ರಕ್ಕೆ ನನ್ನ ಬಲಗೈ ಹೋಗಿ ಎರಡು ವರ್ಷ ಆಗಿರಲಿಲ್ಲ. ಖಾಲಿ ತೋಳಿಗೆ ಎಲ್ನಾ ಅಂದು ಹೊಸ ಪಿನ್ನು ಹಾಕಿ ಕಳಿಸಿದ್ದಳು.

ಈಗ ನೀನು ಮನೆಯಲ್ಲಿ ಕೂತಿದ್ದೀಯ. ಇಸ್ಪೀಟು ಒಳ್ಳೆಯ ಆಟ.

ಎಡಗೈಯಲ್ಲಿ ಬರೆಯುವುದು ನಿಧಾನ. ಇಷ್ಟೇ.

ಎಲ್. ಪೊಸ್ಪಿಶಲ್


ರಿಡ್ಜ್ ರಸ್ತೆ
3 ಆಗಸ್ಟ್ 2014

ಲಿಯಾಂಡರ್,

ನಿನ್ನ ಕಾಗದ ಬಂತು. ನಾನು ಆಡಿದ ಮಾತು ಅದೇ. ಒಂದಕ್ಷರ ಹೆಚ್ಚು ಕಡಿಮೆ ಇಲ್ಲ.

ಇದರ ಮುಂದೆ ಏನೋ ಬರೆಯಲು ಹೊರಟು ಎರಡು ಹಾಳೆ ಹರಿದೆ. ಮೂರನೆಯದರಲ್ಲಿ ಬಿಲ್ಲಿನ ಸಂಗತಿಯನ್ನೇ ಬರೆಯುತ್ತೇನೆ. ಅದರಲ್ಲೂ ಮಾನ ಉಳಿಸಿಕೊಳ್ಳುವಂಥದ್ದು ಏನೂ ಇಲ್ಲ.

ಪುಸ್ತಿಕೆ ಓದಿದೆ. ಸಣ್ಣ ಅಕ್ಷರ. ಹುಲ್ಲಿನ ಹೊರೆ ಕಟ್ಟಿ, ಕೊಟ್ಟಿಗೆಯ ಹಿಂದೆ ಗುರಿ ನಿಲ್ಲಿಸಿ, ಎಳೆಹಗ್ಗದಿಂದ ಹೇಗೋ ಹೆದೆ ಏರಿಸಿದೆ. ಭುಜದಲ್ಲಿ ಕಾದ ಸರಳು ಆಡಿದ ಹಾಗಾಯಿತು. ಬಾಣ ಇಟ್ಟೆ. ಅಷ್ಟರಲ್ಲಿ ಅರ್ಡಿಸ್ ಊಟಕ್ಕೆ ಕರೆದಳು. ಸರಿ, ಉಂಡು ಬಂದು ಹೊಡೆಯೋಣ ಎಂದು ಬಾಣ ತೆಗೆದೆ. ಹೆದೆಯನ್ನು ಹಾಗೇ ಬಿಟ್ಟು ಹೋಗುವುದು ಹೇಗೆ? ನಲವತ್ತೈದು ವರ್ಷದ ಅಭ್ಯಾಸ ನಿನಗೂ ಗೊತ್ತು. ಬಿಲ್ಲು ಎಳೆದೆವು, ಹೊಡೆಯುವ ಮನಸ್ಸಾಗಲಿಲ್ಲ, ಮೆಲ್ಲಗೆ ಇಳಿಸಿದೆವು. ಇಲ್ಲಿಯೂ ಇಳಿಸೋಣ ಎಂದು ಟ್ರಿಗರ್ ಎಳೆದೆ.

ಬಂದೂಕು ಹೊಡೆದಂತೆ ಶಬ್ದ ಬಂತು. ಬಿಲ್ಲಿನ ಒಂದು ರೆಕ್ಕೆ ಉದ್ದಕ್ಕೆ ಸೀಳಿತು, ಹೆದೆ ಹಾವಿನ ಹಾಗೆ ಸುತ್ತಿಕೊಂಡಿತು, ಒಂದು ಚೂರು ನನ್ನ ಕೆನ್ನೆ ಗೀರಿಕೊಂಡು ಹೋಯಿತು.

ಅರ್ಡಿಸ್ ಹೊರಗೆ ಬಂದಳು. "ಏನದು ಶಬ್ದ?"

"ಏನಿಲ್ಲ. ಕೊಟ್ಟಿಗೆ ಬಾಗಿಲು ಬಡ್ಕೊಂತು."

"ಕೊಟ್ಟಿಗೆಗೆ ಬಾಗಿಲೇ ಇಲ್ಲ, ಓರಿನ್. ಹಸು ಮಾರಿದ ವರ್ಷಾನೇ ಕಳಚಿ ಕೊಟ್ಟೆಯಲ್ಲ."

ಕೆನ್ನೆಯ ರಕ್ತ ನೋಡಿದಳು. ಒಂದು ಬಟ್ಟೆ ತಂದು ಕೈಗಿಟ್ಟು ಬಡಿಸಲು ಹೋದಳು.

ಅಂಚೆಯ ರೋಂಡಾ ಮೊನ್ನೆ ಗಾಡಿಯ ಕಿಟಕಿ ಇಳಿಸಿ ಕೇಳಿದಳು, "ಇಲ್ಲಿಂದ ಲಿಯಾಂಡರ್ ಮನೆ ಕಾಣುತ್ತೆ. ನಿಮ್ಮ ಕಾಗದ ನಾನು ಊರಿಗೆ ಒಯ್ದು, ಅಲ್ಲಿ ಮುದ್ರೆ ಒತ್ತಿಸಿ, ಮತ್ತೆ ಇದೇ ರಸ್ತೆಗೆ ತರಬೇಕು. ನಿಮ್ಮಿಬ್ಬರಿಗೂ ಕಾಲಿಲ್ವಾ?"

"ಕಾಲಿದೆ," ಎಂದೆ. "ಬೇರೆ ಏನೋ ಇಲ್ಲ."

"ಅದು ನನ್ನ ಗಾಡೀಲೂ ಸಿಗಲ್ಲ ಬಿಡಿ," ಎಂದು ಹೊರಟಳು.

ಬಿಲ್ಲು ಮುರಿದದ್ದನ್ನು ಬೇರೆ ಯಾರಿಗೂ ಹೇಳಿಲ್ಲ. ನಗುವುದಾದರೆ ನೀನೇ ಮೊದಲು ನಗು ಎಂದು ಬರೆದಿದ್ದೇನೆ.

ಓರಿನ್


ರಿಡ್ಜ್ ರಸ್ತೆ
8 ಆಗಸ್ಟ್ 2014

ಓರಿನ್,

ನಗಲಿಲ್ಲ. ಆ ಚೂರು ಎರಡು ಬೆರಳು ಮೇಲೆ ಹೋಗಿದ್ದರೆ ಕಣ್ಣು ಹೋಗುತ್ತಿತ್ತು. ಎಲ್ನಾ ತೀರಿಹೋದಾಗ ಅರ್ಡಿಸ್ ವಾರಗಟ್ಟಲೆ ನನ್ನ ಮನೆಗೆ ಅಡಿಗೆ ತಂದಿಟ್ಟಿದ್ದಾಳೆ. ಅವಳನ್ನು ಕುರುಡನ ಹೆಂಡತಿ ಮಾಡಬೇಡ. ಅದಕ್ಕಾಗಿ ಬರೆಯುತ್ತಿದ್ದೇನೆ, ನಿನಗಾಗಿ ಅಲ್ಲ.

ಮೊದಲನೆಯದು. ನಿನ್ನ ಬಿಲ್ಲಿನಲ್ಲಿ ಎಳೆದದ್ದನ್ನು ಇಳಿಸಬಹುದು. ಇದರಲ್ಲಿ ಆಗದು. ಹೂಡಿದ ಮೇಲೆ ಬಿಡಲೇಬೇಕು, ಬಿಡುವಾಗ ಬಾಣ ಇರಲೇಬೇಕು. ಬಾಣ ಇಲ್ಲದೆ ಬಿಟ್ಟರೆ ಆ ಬಲವೆಲ್ಲ ಬಿಲ್ಲಿಗೇ ಹೊಡೆಯುತ್ತದೆ. ಅಲಗಿಲ್ಲದ ಹಳೆಯ ಬಾಣ ಒಂದನ್ನು ಚೀಲದಲ್ಲಿ ಇಟ್ಟುಕೋ. ದಿನದ ಕೊನೆಗೆ ಅಟ್ಟಣೆ ಇಳಿದ ಮೇಲೆ ಅದನ್ನು ಮೆತ್ತಗಿನ ಮಣ್ಣಿಗೆ ಹೊಡೆದು ಬಿಲ್ಲು ಖಾಲಿ ಮಾಡು. ಹೂಡಿದ ಬಿಲ್ಲನ್ನು ಗಾಡಿಯೊಳಗೆ ಇಡುವಂತಿಲ್ಲ. ಕಾನೂನು ಅನ್ನುವುದು ಆಮೇಲಿನ ಮಾತು, ನಿನ್ನ ಮೊಣಕಾಲು ಅಲ್ಲಿರುತ್ತದೆ.

ಹೆಬ್ಬೆರಳು. ಹೊಸಬರೆಲ್ಲ ಅದನ್ನು ಬಾಣ ಕೂರುವ ಜಾಡಿನ ಮೇಲೆ ಬಿಟ್ಟಿರುತ್ತಾರೆ. ಹೆದೆ ಅದನ್ನು ಒಯ್ಯುತ್ತದೆ. ಎಲ್ಲ ಬೆರಳೂ ಕೆಳಗೆ. ನನಗೆ ಉಳಿದಿರುವುದು ಒಂದೇ ಹೆಬ್ಬೆರಳು, ಆದ್ದರಿಂದ ಇದನ್ನು ನಾನು ಮರೆತದ್ದಿಲ್ಲ.

ಎಳೆಹಗ್ಗ ಬಿಸಾಡು. ಆ ಭುಜಕ್ಕೆ ಅದು ಆಗದು. ಹಿಡಿ ತಿರುಗಿಸಿ ಹೆದೆ ಏರಿಸುವ ರಾಟೆ ಸಿಗುತ್ತದೆ, ಬಾವಿಯ ರಾಟೆಯ ಹಾಗೆ, ಬಲಗೈ ಒಂದೇ ಸಾಕು. ಮುಂದಿನ ಕಬ್ಬಿಣದ ಬಳೆಯಲ್ಲಿ ಕಾಲಿಡು, ಪೂರ್ತಿ ಪಾದ. ಹೆದೆಗೆ ಮೇಣ ಹಚ್ಚು. ಕೂದಲೆಳೆಯಷ್ಟು ಬಿಚ್ಚಿಕೊಂಡಿದ್ದರೂ ಹೆದೆ ಬದಲಾಯಿಸು.

ಬಿಲ್ಲು ಹಿಡಿದುಕೊಂಡು ಮರ ಹತ್ತಬೇಡ. ಸೊಂಟದ ಪಟ್ಟಿಯನ್ನು ನೆಲದಿಂದಲೇ ಮರಕ್ಕೆ ಬಿಗಿದುಕೊಂಡು ಹತ್ತು, ಕೂತ ಮೇಲೆ ಬಿಲ್ಲನ್ನು ದಾರದಿಂದ ಮೇಲೆಳೆದುಕೋ. ಬಾಣ ಹಾಕದೆ.

ಮುರಿದದ್ದನ್ನು ಅಂಗಡಿಗೆ ಒಯ್ಯಿ. ಹೇಗೆ ಮುರಿಯಿತು ಎಂದು ಕೇಳಿದರೆ ನಿಜ ಹೇಳು. ಕೊಟ್ಟಿಗೆ ಬಾಗಿಲು ಅನ್ನಬೇಡ.

ಕೈ ನೋಯುತ್ತಿದೆ. ಮೂರು ದಿನ ಬರೆದೆ ಇದನ್ನು.

ಎಲ್. ಪಿ.


ರಿಡ್ಜ್ ರಸ್ತೆ
31 ಆಗಸ್ಟ್ 2014

ಲಿಯಾಂಡರ್,

ರೆಕ್ಕೆ ಬದಲಾಯಿಸಿ ಕೊಟ್ಟರು. ಅಂಗಡಿಯವನಿಗೆ ನಿಜವನ್ನೇ ಹೇಳಿದೆ. "ವರ್ಷಕ್ಕೆ ನಾಲ್ಕೈದು ಜನ ಬರ್ತಾರೆ ಹೀಗೆ ಮುರ್ಕೊಂಡು," ಎಂದ. "ಎಲ್ಲಾ ನಿಮ್ಮಂಥ ಹಳೇ ಬಿಲ್ಲಿನೋರೇ. ಹೊಸಬರು ಭಯಕ್ಕೆ ಪುಸ್ತಕ ನೋಡ್ತಾರೆ." ರಾಟೆಯನ್ನೂ ತಂದೆ. ತಿರುಗಿಸುವಾಗ ಟಿಕ್ ಟಿಕ್ ಎಂದು ಗಡಿಯಾರಕ್ಕೆ ಕೀಲಿ ಕೊಟ್ಟಂತೆ ಸದ್ದಾಗುತ್ತದೆ. ನಾಚಿಕೆ ಎನಿಸುತ್ತದೆ, ಆದರೆ ನೋವಿಲ್ಲ.

ಬೆರಳು ಕೆಳಗೆ, ಪಾದ ಪೂರ್ತಿ ಬಳೆಯೊಳಗೆ, ಹೆದೆಗೆ ಮೇಣ. ಪ್ರತಿ ಸಲ ಗಟ್ಟಿಯಾಗಿ ಹೇಳಿಕೊಂಡು ಮಾಡುತ್ತೇನೆ. ಅರ್ಡಿಸ್ ಕಿಟಕಿಯಿಂದ, "ಪ್ರಾರ್ಥನೆ ಮುಗೀತಾ?" ಎನ್ನುತ್ತಾಳೆ. ಮೂವತ್ತು ಹೆಜ್ಜೆಗೆ ಬಾಣಗಳು ಒಂದು ತಟ್ಟೆಯಷ್ಟು ಜಾಗದಲ್ಲಿ ಬೀಳುತ್ತಿವೆ. ನಲವತ್ತಕ್ಕೆ ಹೋದರೆ ತಟ್ಟೆ ತೊಟ್ಟಿಲಾಗುತ್ತದೆ. ಆದ್ದರಿಂದ ಮೂವತ್ತರ ಆಚೆ ಹೊಡೆಯುವುದಿಲ್ಲ.

ಹೂಡಿದ್ದನ್ನು ಇಳಿಸಲು ಆಗದು ಎಂದು ಬರೆದಿದ್ದೀಯ. ಅದನ್ನು ಎರಡು ಸಲ ಓದಿದೆ.

ಎಲ್ನಾಳ ವಿಷಯ. ಆಗ ಅರ್ಡಿಸ್ ಬಂದಿದ್ದಳು. ನಾನು—

ಈ ಸಲ ಆಲೂಗಡ್ಡೆ ಚೆನ್ನಾಗಿ ಬಂದಿದೆ. ರೋಂಡಾಳ ಕೈಯಲ್ಲಿ ಒಂದು ಚೀಲ ಕಳಿಸಿದ್ದೇನೆ. ತೂಕದ್ದಕ್ಕೆ ಅಂಚೆಚೀಟಿ ಎಲ್ಲಿ ಎಂದು ಬೈದಳು, ಆದರೂ ಹಾಕಿಕೊಂಡು ಹೋದಳು.

ಓರಿನ್


ರಿಡ್ಜ್ ರಸ್ತೆ
10 ಸೆಪ್ಟೆಂಬರ್ 2014

ಓರಿನ್,

ಆಲೂಗಡ್ಡೆ ಬಂತು. ಒಂದು ಕೈಯಲ್ಲಿ ಸಿಪ್ಪೆ ತೆಗೆಯುವುದು ಕಷ್ಟ, ಹಾಗೇ ಬೇಯಿಸಿ ತಿನ್ನುತ್ತಿದ್ದೇನೆ.

ಶನಿವಾರ ಕಾಲ ಶುರು. ಪರವಾನಗಿ ಮತ್ತು ಜಿಂಕೆಗೆ ಕಟ್ಟುವ ಚೀಟಿ ಅಂಗಿಯ ಜೇಬಿನಲ್ಲಿರಲಿ, ಗಾಡಿಯಲ್ಲಲ್ಲ. ಹೊತ್ತು ಮುಳುಗಿದ ಮೇಲೆ ಎಷ್ಟು ಹೊತ್ತು ಹೊಡೆಯಬಹುದೆಂದು ಪುಸ್ತಿಕೆಯ ಕೋಷ್ಟಕದಲ್ಲಿದೆ, ನಿನ್ನ ಕಣ್ಣಿನ ಅಂದಾಜು ಬೇಡ. ನವೆಂಬರ್ ಕೊನೆಗೆ ಬಂದೂಕಿನ ವಾರ ಬಂದಾಗ ಬಿಲ್ಲಿನವನೂ ಕಿತ್ತಳೆ ಅಂಗಿ ಹಾಕಬೇಕು. ಅಲಗುಗಳ ತಿರುಪು ಬಿಗಿಯಾಗಿದೆಯೇ ನೋಡು. ಅಭ್ಯಾಸಕ್ಕೆ ಹೊಡೆದ ಅಲಗನ್ನು ಬೇಟೆಗೆ ಒಯ್ಯಬೇಡ.

ಕಲ್ಲುಗುಡ್ಡೆಯ ಹತ್ತಿರದ ಓಕ್ ಮರದ ಅಟ್ಟಣೆಯಲ್ಲಿ ಕೂರುತ್ತೀಯ ಎಂದು ಕಾಣುತ್ತದೆ. ಕೂರು. ಅಲ್ಲಿಂದ ಗಾಳಿ ನನ್ನ ಕಡೆ ಬೀಸುತ್ತದೆ, ಜಿಂಕೆ ನಿನ್ನ ಕಡೆಯಿಂದ ಬರುತ್ತವೆ. ಅದನ್ನು ಆರಿಸಿದವನು ನಾನು, ನೆನಪಿರಬೇಕು. ಕೆಳಗಿನ ಮೆಟ್ಟಿಲು ಕೊಳೆತಿರಬಹುದು.

ಎಲ್ನಾಳನ್ನು ಮಣ್ಣು ಮಾಡಿದ ದಿನ ಚರ್ಚಿನ ಆಚೆ ಮೇಪಲ್ ಮರದ ಕೆಳಗೆ ನಿನ್ನ ಗಾಡಿ ನಿಂತಿತ್ತು. ಪ್ರಾರ್ಥನೆ ಮುಗಿಯುವವರೆಗೂ ಎಂಜಿನ್ ಆರಿಸಲಿಲ್ಲ ನೀನು. ಹೊಗೆ ಕಿಟಕಿಯಿಂದ ಕಾಣುತ್ತಿತ್ತು. ಪಾದ್ರಿ ಏನು ಹೇಳಿದರೆಂದು ನನಗೆ ನೆನಪಿಲ್ಲ.

ಎಲ್. ಪಿ.


ರಿಡ್ಜ್ ರಸ್ತೆ
19 ಅಕ್ಟೋಬರ್ 2014

ಲಿಯಾಂಡರ್,

ನಿನ್ನ ಕಾಗದಕ್ಕೆ ತಿಂಗಳ ಮೇಲಾದರೂ ಉತ್ತರ ಬರೆಯಲಾಗಲಿಲ್ಲ. ಕೊನೆಯ ಸಾಲುಗಳಿಗೆ ಏನು ಬರೆಯುವುದೆಂದು ತಿಳಿಯಲಿಲ್ಲ. ಈಗಲೂ ತಿಳಿದಿಲ್ಲ.

ಕೆಳಗಿನ ಮೆಟ್ಟಿಲು ಕೊಳೆತಿತ್ತು. ಬದಲಾಯಿಸಿದೆ.

ನಿಜ ಹೇಳಬೇಕೆಂದರೆ ದಣಿದಿದ್ದೇನೆ. ಮುಂಜಾನೆ ಎದ್ದು, ಹಲ್ಲು ಕಚ್ಚಿ ಆ ಅಟ್ಟಣೆಗೆ ಹತ್ತಿ, ಪಟ್ಟಿ ಬಿಗಿದುಕೊಂಡು, ಬಿಲ್ಲು ಮೇಲೆಳೆದುಕೊಂಡು ಕೂರುವ ಹೊತ್ತಿಗೆ ಒಂದು ದಿನದ ಕೆಲಸ ಮುಗಿದಂತೆ ಆಗಿರುತ್ತದೆ. ಅಳಿಲುಗಳು ಎಲೆಗಳ ಮೇಲೆ ಜಿಂಕೆಯ ಹಾಗೆ ನಡೆದು ಮೋಸ ಮಾಡುತ್ತವೆ. ಕಳೆದ ವಾರ ಒಂದು ಹೆಣ್ಣು ಎರಡು ಮರಿಗಳ ಜೊತೆ ಅಟ್ಟಣೆಯ ಬುಡಕ್ಕೇ ಬಂತು. ಬಿಲ್ಲು ತೊಡೆಯ ಮೇಲಿತ್ತು. ಎತ್ತಲಿಲ್ಲ. ದಯೆಯೇನಲ್ಲ, ಎತ್ತಬೇಕು ಅನ್ನಿಸಲಿಲ್ಲ ಅಷ್ಟೆ. ಸಂಜೆ ಇಳಿದು ಹಳೆಯ ಬಾಣವನ್ನು ಮಣ್ಣಿಗೆ ಹೊಡೆದು ಮನೆಗೆ ಬಂದೆ. ಮಣ್ಣಿಗೇ ಹೊಡೆದು ಹೊಡೆದು ಅಲ್ಲೊಂದು ಬಿಲ ಆಗಿದೆ.

ನಾವಿಬ್ಬರೂ ಹೋಗುತ್ತಿದ್ದಾಗ ಹೀಗೆ ಅನ್ನಿಸುತ್ತಿರಲಿಲ್ಲ. ಒಬ್ಬ ಓಕ್ ಮರದಲ್ಲಿ, ಒಬ್ಬ ಹಳ್ಳದ ಹತ್ತಿರ, ಮಾತಿಲ್ಲ ಕತೆಯಿಲ್ಲ, ಆದರೂ ಇಡೀ ದಿನ ಹರಟೆ ಹೊಡೆದ ಹಾಗಿರುತ್ತಿತ್ತು. ನಿನ್ನ ಆ ಎಂಟು ಕವಲು ಕೊಂಬಿನ ಗಂಡು ಜಿಂಕೆ ನೆನಪಾಗುತ್ತದೆ. ಬಾಣ ಹೊಟ್ಟೆಗೆ ಬಿದ್ದಿದೆ, ಬೆಳಗಿನವರೆಗೆ ಬಿಡೋಣ ಎಂದು ನೀನು ಹೇಳಿದೆ. ನಾನು ಕಾಯಲಾರದೆ ಲಾಟೀನು ಹಿಡಿದು ಹೊರಟೆ. ಅದು ಮಲಗಿದ್ದಲ್ಲಿಂದ ಎದ್ದು ಓಡಿತು, ಮೂರು ಹೊಲ ದಾಟಿ ಹೆದ್ದಾರಿಯ ಆಚೆ ಹೋಯಿತು, ಸಿಗಲೇ ಇಲ್ಲ. ಅವತ್ತು ನೀನು ನನಗೆ ಒಂದು ಮಾತೂ ಅನ್ನಲಿಲ್ಲ. ಬೈದಿದ್ದರೆ ಆಗುತ್ತಿತ್ತು.

ಬಂದೂಕಿನ ವಾರದವರೆಗೆ ನೋಡುತ್ತೇನೆ. ಆಮೇಲೆ ಬಿಲ್ಲನ್ನು ಅಂಗಡಿಗೇ ಹಿಂದಿರುಗಿಸುತ್ತೇನೆ.

ಓರಿನ್


ನಿನ್ನ ಅಡಿಗೆಮನೆಯ ಬಾಗಿಲು
ಶನಿವಾರ, 8 ನವೆಂಬರ್, ಮುಸ್ಸಂಜೆ

ಲಿಯಾಂಡರ್,

ತಟ್ಟಿದೆ. ಗಾಡಿ ಇಲ್ಲ, ನೀನಿಲ್ಲ. ರೋಂಡಾ ಸೋಮವಾರಕ್ಕೆ ಮೊದಲು ಬರುವುದಿಲ್ಲ, ಅದಕ್ಕೆ ಇದನ್ನು ಬಾಗಿಲ ಸಂದಿಗೆ ಸಿಕ್ಕಿಸುತ್ತಿದ್ದೇನೆ.

ಹೊಡೆದೆ. ದೊಡ್ಡ ಹೆಣ್ಣು, ಇಪ್ಪತ್ತು ಹೆಜ್ಜೆ, ಬೆಳಕಿತ್ತು, ಹೊತ್ತು ಮೀರಿರಲಿಲ್ಲ. ಬಿಡುವ ಕ್ಷಣಕ್ಕೆ ಅದು ಒಂದು ಹೆಜ್ಜೆ ಮುಂದಿಟ್ಟಿತು. ಬಾಣ ಹಿಂದಕ್ಕೆ ಬಿತ್ತು. ಬಾಣ ಸಿಕ್ಕಿದೆ, ಅದರ ಮೇಲೆ ರಕ್ತ ಕಡಿಮೆ, ಹಸಿರು ಇದೆ, ವಾಸನೆ ಇದೆ. ಹೊಟ್ಟೆ.

ಕಲ್ಲುಗುಡ್ಡೆಯ ಬಳಿ ಬೇಲಿ ಹಾರಿ ನಿನ್ನ ಕಡೆ ಹೋಯಿತು. ನಿನ್ನ ಅನುಮತಿ ಇಲ್ಲದೆ ದಾಟುವಂತಿಲ್ಲ ಎಂದು ನಿಯಮವಿದೆ. ನಿಯಮ ಇಲ್ಲದಿದ್ದರೂ ದಾಟುತ್ತಿರಲಿಲ್ಲ.

ರಾತ್ರಿ ಹಿಮ ಬೀಳುತ್ತದೆ ಎನ್ನುತ್ತಿದ್ದಾರೆ. ಬಿದ್ದರೆ ರಕ್ತದ ಜಾಡು ಮುಚ್ಚಿಹೋಗುತ್ತದೆ. ಈಗಲೇ ಹೋದರೆ ಎದ್ದು ಓಡುತ್ತದೆ. ಬಿಟ್ಟರೆ ಸಿಗುವುದಿಲ್ಲ. ಅದೆಲ್ಲೋ ಒದ್ದಾಡುತ್ತಿರುತ್ತದೆ. ನನಗೆ ತಿಳಿಯುತ್ತಿಲ್ಲ. ನೀನು ಹೇಳಿದ ಹಾಗೆ ಮಾಡುತ್ತೇನೆ. ಬೇಡ ಎಂದರೆ ಅದೂ ಸರಿ, ನೀನೇ ಹೋಗಿ ಅದನ್ನು ಮುಗಿಸು.

ಮನೆಯಲ್ಲಿರುತ್ತೇನೆ.

ಓರಿನ್


(ಅದೇ ಹಾಳೆಯ ಹಿಂದೆ)

8 ನವೆಂಬರ್

ಈಗ ಬೇಡ. ಹಿಮ ಬಿದ್ದರೆ ಬೀಳಲಿ. ಹೊಟ್ಟೆಗೆ ತಗುಲಿದ್ದು ಯಾರೂ ಅಟ್ಟದಿದ್ದರೆ ನೀರಿನ ಹತ್ತಿರ ಮಲಗುತ್ತದೆ, ಅಲ್ಲೇ ಹೋಗುತ್ತದೆ. ಅಟ್ಟಿದರೆ ಏನಾಗುತ್ತದೆಂದು ಇಬ್ಬರೂ ನೋಡಿದ್ದೇವೆ.

ಬೆಳಿಗ್ಗೆ ಬೆಳಕಾದ ಮೇಲೆ ಕಲ್ಲುಗುಡ್ಡೆ. ಬೇಲಿಯ ಆ ಕಡೆ ನಿಂತಿರು. ಹಗ್ಗ ನಾನು ತರುತ್ತೇನೆ.

ಇದನ್ನು ನಿನ್ನ ಅಂಚೆ ಡಬ್ಬಿಗೆ ಹಾಕಿ ಹೋಗುತ್ತಿದ್ದೇನೆ. ಅಂಚೆಚೀಟಿ ಅಂಟಿಸಿಲ್ಲ. ರೋಂಡಾಗೆ ಹೇಳಬೇಡ, ಅದಕ್ಕೂ ಅವಳ ಹತ್ತಿರ ಒಂದು ನಿಯಮ ಇದೆ.

ಎಲ್. ಪಿ.


ರಿಡ್ಜ್ ರಸ್ತೆ
16 ನವೆಂಬರ್ 2014

ಲಿಯಾಂಡರ್,

ನೀನು ಅಲ್ಲೇ ಇದ್ದೆ, ಎಲ್ಲ ನೋಡಿದ್ದೀಯ, ಬರೆಯುವ ಅಗತ್ಯವಿರಲಿಲ್ಲ. ಆದರೆ ಊರಿನ ಕಾಫಿ ಅಂಗಡಿಯಲ್ಲಿ ನೀನು ಈ ಕತೆಯನ್ನು ಬೇರೆ ಥರ ಹೇಳುತ್ತಿದ್ದೀಯ ಎಂದು ರೋಂಡಾ ಹೇಳಿದಳು. ನಾನು ಹಿಮದಲ್ಲಿ ಜಾರಿ ಬಿದ್ದು ಜಿಂಕೆಯ ಪಕ್ಕ ಮಲಗಿದ್ದೆನಂತೆ, ಯಾವುದಕ್ಕೆ ಚೀಟಿ ಕಟ್ಟುವುದೆಂದು ನಿನಗೆ ಗೊತ್ತಾಗಲಿಲ್ಲವಂತೆ. ಬಿದ್ದದ್ದು ಹೌದು. ಮಲಗಲಿಲ್ಲ. ಆದ್ದರಿಂದ ನಡೆದದ್ದನ್ನು ನಡೆದ ಹಾಗೆ ಇಲ್ಲಿ ಬರೆದಿಡುತ್ತಿದ್ದೇನೆ.

ನೀನು ಬಂದಾಗ ನಾನು ಬೇಲಿಯ ನನ್ನ ಕಡೆಯೇ ನಿಂತಿದ್ದೆ.

"ಎಷ್ಟು ಹೊತ್ತಿಂದ ನಿಂತಿದ್ದೀಯ?" ಎಂದೆ ನೀನು. ಒಂಬತ್ತು ವರ್ಷದ ಮೇಲೆ ಮೊದಲ ಮಾತು.

"ಈಗ ಬಂದೆ."

"ಟೋಪಿ ಮೇಲೆ ಗೇಣುದ್ದ ಹಿಮ ಕೂತಿದೆ. ಸುಳ್ಳಾದ್ರೂ ನೆಟ್ಟಗೆ ಹೇಳೋದು ಕಲಿ, ಮಾರಾಯ."

ಆಮೇಲೆ ನೀನು ಬೇಲಿಯ ಮೇಲಿನ ತಂತಿಯನ್ನು ಬೂಟಿನಿಂದ ಒತ್ತಿ ಹಿಡಿದೆ. ನಾನು ದಾಟಿದೆ.

ರಕ್ತ, ಹೆಜ್ಜೆ, ಏನೂ ಇರಲಿಲ್ಲ. ಎಲ್ಲ ಬಿಳಿ. ನಾನು ಆ ಕಡೆ ಈ ಕಡೆ ಓಡಾಡತೊಡಗಿದೆ. ನೀನು ಒಂದು ಮರದ ದಿಮ್ಮಿಯ ಮೇಲೆ ಕೂತುಬಿಟ್ಟೆ. "ಕೂರು," ಎಂದೆ. "ರಾತ್ರಿಯೆಲ್ಲ ಕಾದಿದ್ದೀಯ, ಇನ್ನೊಂದು ಚೂರು ಕಾಯಿ. ಹಿಮ ಮುಚ್ಚುತ್ತೆ ಅಂತ ಅಳ್ತಿದ್ದೆ. ಮುಚ್ಚೋದಷ್ಟೇ ಅಲ್ಲ ಅದು ಮಾಡೋದು." ಬೆಳಕು ಇನ್ನಷ್ಟು ಏರಿದಾಗ ಹಳ್ಳದ ಕಡೆಗೆ ಸಣ್ಣ ಹೆಜ್ಜೆಗಳ ಒಂದು ಸಾಲು ಕಂಡಿತು. ಇನ್ನೊಂದು ಬದಿಯಿಂದ ಇನ್ನೊಂದು ಸಾಲು. ಸತ್ತದ್ದರ ವಾಸನೆ ಹಿಡಿದು ಬರುವ ಕಯೋಟೆ ತೋಳಗಳು. ಎರಡೂ ಒಂದೇ ಕಡೆಗೆ ಹೋಗಿದ್ದವು.

ಹಳ್ಳದ ದಂಡೆಯಲ್ಲಿ, ಸೀಡರ್ ಮರದ ಕೆಳಗೆ, ಜಿಂಕೆ ಕಾಲು ಮಡಿಸಿ ಮಲಗಿದ ಹಾಗೇ ಇತ್ತು. ಒಂದಡಿಯೂ ಒದ್ದಾಡಿದ ಗುರುತಿರಲಿಲ್ಲ. ಅದನ್ನು ನೋಡಿ ಅವಸರದಲ್ಲಿ ದಂಡೆ ಇಳಿಯಹೋದೆ. ಜಾರಿದ್ದು ಆಗ. ಹಿಂದಿನ ಒಂದು ತೊಡೆಯನ್ನು ಕಯೋಟೆಗಳು ತಿಂದಿದ್ದವು. ಉಳಿದದ್ದು ಚೆನ್ನಾಗಿತ್ತು.

ಚೀಟಿ ಕಟ್ಟಲು ನನ್ನ ಬೆರಳು ಬಗ್ಗಲಿಲ್ಲ. ನೀನು ಒಂದು ಕೈ, ಹಲ್ಲು ಸೇರಿಸಿ ಗಂಟು ಹಾಕಿದೆ.

ಆಮೇಲೆ ಎಳೆಯುವುದು. ನನ್ನ ಎಡಭುಜ ಬರುವುದಿಲ್ಲ, ನಿನಗೆ ಬಲಗೈ ಇಲ್ಲ. ನೀನು ಬಲಕ್ಕೆ, ನಾನು ಎಡಕ್ಕೆ, ನಡುವೆ ಹಗ್ಗ. "ಇಬ್ರೂ ಸೇರಿದ್ರೆ ಒಂದು ಆಳು," ಎಂದೆ ನೀನು. "ಅದೂ ಕೂಲಿಗೆ ಯಾರೂ ಕರೆಯದಿರೋ ಆಳು." ಹತ್ತು ಹೆಜ್ಜೆ ಎಳೆದರೆ ಹತ್ತು ಉಸಿರು. ದಾರಿಯಲ್ಲಿ ಒಂದು ಕಡೆ ನಿಂತಾಗ ನಾನು, "ಲಿಯಾಂಡರ್, ಆ ಸಭೇಲಿ—" ಎಂದೆ.

"ಹಗ್ಗ ಹಿಡಿ," ಎಂದೆ ನೀನು.

ಬೇಲಿಯ ಹತ್ತಿರ ಮತ್ತೆ ಬಾಯಿ ತೆರೆದೆ. ಮತ್ತೆ, "ಹಗ್ಗ ಹಿಡಿ."

ಕಾಗದಕ್ಕೆ ಯಾರೂ ಹಗ್ಗ ಹಿಡಿ ಅನ್ನಲಾರರು. ಬೇಕಾದಷ್ಟು ಬರೆಯಬಹುದು. ಆದರೂ ಇಲ್ಲಿಗೆ ಬಂದು ಕೈ ನಿಂತಿದೆ. ನಿನಗೆ ಗೊತ್ತಿರುವುದರಿಂದ ಬಿಡುತ್ತೇನೆ.

ಉಳಿದ ತೊಡೆ ನಿನ್ನದು. ಅರ್ಡಿಸ್ ಭುಜದ ಮಾಂಸವನ್ನು ಸಾಸೇಜು ಮಾಡುತ್ತಿದ್ದಾಳೆ, ಅದರಲ್ಲೂ ಪಾಲು ಕಳಿಸುತ್ತಾಳೆ. ಡಿಸೆಂಬರ್ ಮೂರಕ್ಕೆ ನನ್ನ ಭುಜ ಕೊಯ್ಯುತ್ತಾರೆ. ಆಮೇಲೆ ಎಡಗೈಯನ್ನು ಎದೆಗೆ ಕಟ್ಟಿಬಿಡುತ್ತಾರಂತೆ, ವಾರಗಟ್ಟಲೆ. ಅಡ್ಡಬಿಲ್ಲನ್ನು ಹಿಂದಿರುಗಿಸಲಿಲ್ಲ. ಹೆದೆಗೆ ಮೇಣ ಹಚ್ಚಿ ಗೋಡೆಗೆ ಹಾಕಿದ್ದೇನೆ, ಯೂ ಮರದ ಬಿಲ್ಲಿನ ಕೆಳಗೆ. ಕುರ್ಚಿಯನ್ನು ಮತ್ತೆ ಈ ಕಡೆ ತಿರುಗಿಸಿದೆ.

ಓರಿನ್


ರಿಡ್ಜ್ ರಸ್ತೆ
12 ಡಿಸೆಂಬರ್ 2014

ಓರಿನ್,

ಸಾಸೇಜಿನಲ್ಲಿ ಉಪ್ಪು ಹೆಚ್ಚು. ಅರ್ಡಿಸ್‌ಗೆ ಹೇಳಬೇಡ. ಮುಗಿದಿದೆ, ಇನ್ನಷ್ಟು ಇದ್ದರೆ ಕಳಿಸು.

ಕೊಯ್ದದ್ದು ಸರಿಯಾಗಿ ಆಯಿತು, ನೀನು ಆಸ್ಪತ್ರೆಯಲ್ಲಿ ನರ್ಸುಗಳಿಗೆ ಅಡ್ಡಬಿಲ್ಲಿನ ನಿಯಮ ಹೇಳಿ ತಲೆ ತಿಂದೆ ಎಂದು ರೋಂಡಾಳಿಂದ ತಿಳಿಯಿತು. ಮೊದಲ ವಾರ ಗುಂಡಿ ಹಾಕಿಕೊಳ್ಳಲು ಹೋಗಿ ಅಳು ಬರುತ್ತದೆ. ಬರಲಿ. ಬಾಗಿಲು ಹಾಕಿಕೊಂಡು ಅತ್ತುಬಿಡು. ಎರಡನೆಯ ವಾರ ಸಿಟ್ಟು ಬರುತ್ತದೆ, ಅದು ಇದಕ್ಕಿಂತ ವಾಸಿ. ಶೂಗೆ ಲಾಡಿ ಬೇಡ. ರೊಟ್ಟಿಗೆ ಬೆಣ್ಣೆ ಸವರುವಾಗ ತಟ್ಟೆಯ ಕೆಳಗೆ ಒದ್ದೆ ಬಟ್ಟೆ ಹಾಕಿಕೋ, ಜಾರುವುದಿಲ್ಲ. ಇದನ್ನೆಲ್ಲ ನನಗೆ ಹೇಳಲು ಆಗ ಯಾರೂ ಇರಲಿಲ್ಲ.

ಈ ಕಾಗದದ ಜೊತೆ ಒಂದು ಮರದ ತುಂಡು ಇದೆ. ಉರುವಲು ಅಲ್ಲ. ವಾಲ್ನಟ್ ಮರ. ಮೇಲ್ಭಾಗದಲ್ಲಿ ಉದ್ದಕ್ಕೆ ಒಂದು ಸೀಳು ಕೊರೆದಿದ್ದೇನೆ, ಇಸ್ಪೀಟಿನ ಎಲೆಗಳನ್ನು ಅದರಲ್ಲಿ ನಿಲ್ಲಿಸಬಹುದು. ಎಲೆ ಹಿಡಿಯಲು ಕೈ ಬೇಕಾಗುವುದಿಲ್ಲ, ಆಡಲು ಒಂದು ಕೈ ಸಾಕು. ಇಂಥದ್ದನ್ನು ಮೊದಲು ಮಾಡಿದ್ದು ಆ ಸಭೆ ಆದ ಬೇಸಿಗೆಯಲ್ಲಿ. ನೀನು ಹೇಳಿದೆಯಲ್ಲ ಎಂದು, ಹಠಕ್ಕೆ. ಎಲ್ನಾ ಇರುವವರೆಗೆ ಪ್ರತಿ ಬುಧವಾರ ನಾವಿಬ್ಬರೂ ಆಡಿದೆವು. ಅವಳು ಹೋದ ಮೇಲೆ ಅದು ಕಪಾಟಿನಲ್ಲೇ ಇತ್ತು. ಒಬ್ಬನೇ ಆಡುವ ಆಟವಲ್ಲ ಅದು.

ಬುಧವಾರ ಸಂಜೆ ಬಾ. ಬಿಲ್ಲು ಎಳೆಯೋಕಾಗದವರು ಮನೇಲಿ ಕೂತು ಇಸ್ಪೀಟಾಡ್ಲಿ.

ಅರ್ಡಿಸ್ ಗಾಡಿ ಓಡಿಸಲಿ. ಹೊರಗೆ ಎಂಜಿನ್ ಉರಿಸಿಕೊಂಡು ಕೂತಿರಬೇಡ. ಒಳಗೆ ಬಾ.

ಲಿಯಾಂಡರ್